ಕೆಮ್ಮಿನ ನಾಲ್ಕು ಹೆಸರು: ಅರಸೀಕೆರೆ, ಬೇಲೂರು, ಹಳೇಬೀಡು ಭಾಗದಲ್ಲಿ ಶ್ವಾಸಕೋಶ ಕ್ಯಾನ್ಸರ್ ಮತ್ತು ವಿಳಂಬದ ಪ್ರಶ್ನೆ

ಪ್ರವೇಶ

1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ಕ್ಷಯದ ಸಮೀಕ್ಷೆ ನಡೆಸಿದರು. ಅದರಲ್ಲಿ ಪತ್ತೆಯಾದ ರೋಗಿಗಳನ್ನು ದೇಬಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಮಾತನಾಡಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅದಕ್ಕೇ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ಸಾಮಾನ್ಯ ನಂಬಿಕೆ. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕದಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಈ ನಂಬಿಕೆಯನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳು ಗೊತ್ತಿದ್ದವು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಆದರೆ ಹೆಚ್ಚಿನವರು ಮರಳಿದ್ದು ಕೆಮ್ಮಿನ ಔಷಧದ ಒಂದು ಸೀಸೆ ಹಿಡಿದುಕೊಂಡು.

ತುಮಕೂರು ಜಿಲ್ಲೆಯ ತಿಪಟೂರಿನಿಂದ ರೈಲು ಹತ್ತಿದರೆ 25 ಕಿ.ಮೀ.ಗೆ ಅರಸೀಕೆರೆ. ಅದೇ ತೆಂಗು, ಅದೇ ರಾಗಿ, ಕೆಮ್ಮಿನ ಬಗ್ಗೆ ಆಡುವ ಮಾತೂ ಅದೇ. ಆರು ದಶಕಗಳ ಹಿಂದಿನ ಕ್ಷಯದ ಆ ಪಾಠವನ್ನು ಹಾಸನ ಜಿಲ್ಲೆಯ ಈ ಮೂರು ಊರುಗಳ ಸೀಮೆಯಲ್ಲಿ ಶ್ವಾಸಕೋಶ ಕ್ಯಾನ್ಸರ್‌ಗೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ಪ್ರಕಟಿತ ಅಧ್ಯಯನಗಳನ್ನು ಸ್ಥಳೀಯ ದುಡಿಮೆ, ಅಡುಗೆಮನೆ ಮತ್ತು ಆಸ್ಪತ್ರೆಯ ದಾರಿಯ ಪಕ್ಕದಲ್ಲಿಟ್ಟು ಓದುವುದು ಇದರ ವಿಧಾನ. ನನ್ನ ವಾದ ಇಷ್ಟು: ಇಲ್ಲಿ ಯಾರೂ ಕೆಮ್ಮನ್ನು ಕಡೆಗಣಿಸುವುದಿಲ್ಲ, ಅದಕ್ಕೆ ಒಂದಾದ ಮೇಲೊಂದು ಹೆಸರಿಡುತ್ತಾರೆ. ಪ್ರತಿ ಹೆಸರೂ ತಕ್ಕಮಟ್ಟಿಗೆ ಸರಿಯಾದದ್ದೇ. ಆದರೆ ಪ್ರತಿ ಹೆಸರಿಗೂ ತನ್ನದೇ ಆದ ಕಾಯುವ ಅವಧಿಯೊಂದಿದೆ. ಆ ಅವಧಿಗಳನ್ನು ಕೂಡಿಸಿದರೆ ಬರುವ ಮೊತ್ತವೇ ವಿಳಂಬ.

ವಿಳಂಬ ಎಂದರೆ ಯಾವುದು?

ಗ್ಲೊಬೊಕ್ಯಾನ್ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 81 ಸಾವಿರ ಜನರಿಗೆ ಶ್ವಾಸಕೋಶ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು. ಅದೇ ವರ್ಷ ಸುಮಾರು 75 ಸಾವಿರ ಜನ ಅದರಿಂದ ಸತ್ತರು. ಈ ಎರಡು ಸಂಖ್ಯೆಗಳ ನಡುವಿನ ಅಂತರ ಇಷ್ಟು ಕಿರಿದಾಗಿರುವುದಕ್ಕೆ ಮುಖ್ಯ ಕಾರಣ, ರೋಗ ಪತ್ತೆಯಾಗುವ ಹೊತ್ತಿಗೆ ಅದು ಎದೆಗೂಡು ದಾಟಿರುವುದು. ರೋಗದ ಸ್ವಭಾವವೂ ಇದಕ್ಕೆ ಇಂಬು ಕೊಡುತ್ತದೆ. ಶ್ವಾಸಕೋಶದ ಒಳಗಿನ ಅಂಗಾಂಶಕ್ಕೆ ನೋವು ತಿಳಿಯುವುದಿಲ್ಲ. ಗಡ್ಡೆ ಶ್ವಾಸನಾಳವನ್ನೋ ಎದೆಯ ಪೊರೆಯನ್ನೋ ಮುಟ್ಟುವ ತನಕ ಅದು ಸದ್ದಿಲ್ಲದೆ ಬೆಳೆಯಬಲ್ಲದು. ಸದ್ದು ಮಾಡಿದಾಗಲೂ ಅದು ಎಲ್ಲರಿಗೂ ಬರುವಂಥ ಕೆಮ್ಮೇ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬಾರ್ಬರಾ ಆ್ಯಂಡರ್ಸನ್ ಮತ್ತು ಜಾನ್ ಕಾಸಿಯೊಪ್ಪೊ 1995ರಲ್ಲಿ ಕ್ಯಾನ್ಸರ್ ರೋಗಿಗಳ ವಿಳಂಬವನ್ನು ಹಂತಗಳಾಗಿ ಬಿಡಿಸಿ ನೋಡಿದರು. ಸ್ತನ ಮತ್ತು ಸ್ತ್ರೀರೋಗ ಕ್ಯಾನ್ಸರ್‌ಗಳಲ್ಲಿ ಒಟ್ಟು ವಿಳಂಬದ ಶೇ. 60ರಷ್ಟಾದರೂ ‘ಇದೇನಿರಬಹುದು’ ಎಂದು ಲಕ್ಷಣಕ್ಕೆ ಅರ್ಥ ಹಚ್ಚುವ ಮೊದಲ ಹಂತದಲ್ಲೇ ಕಳೆದಿತ್ತು. 2009ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ ಶ್ವಾಸಕೋಶ ಕ್ಯಾನ್ಸರ್ ರೋಗಿಗಳು ಮೊದಲ ಲಕ್ಷಣ ಕಂಡಂದಿನಿಂದ ವೈದ್ಯರನ್ನು ಕಾಣುವವರೆಗಿನ ಅವಧಿಯ ಮಧ್ಯಾಂಕ 99 ದಿನ. ವೈದ್ಯರನ್ನು ಕಾಣಲು ಕೈಯಿಂದ ಕಾಸು ಕೊಡಬೇಕಿಲ್ಲದ ನಾಡಿನಲ್ಲೇ ಈ ಸ್ಥಿತಿ. ಆದ್ದರಿಂದ ಬಡತನ, ಅಜ್ಞಾನ ಎಂಬ ಎರಡೇ ಪದಗಳಲ್ಲಿ ವಿಳಂಬವನ್ನು ವಿವರಿಸಿ ಮುಗಿಸಲಾಗದು.

ನಾಲ್ಕು ಹೆಸರು

ಮೊದಲ ಹೆಸರು ಶೀತ. ಕಾರ್ತಿಕ ಕಳೆದು ಮಂಜು ಬೀಳತೊಡಗಿದರೆ ಬೇಲೂರಿನ ಮಲೆನಾಡು ಅಂಚಿನ ಊರುಗಳಲ್ಲಿ ಕೆಮ್ಮದವರೇ ಕಡಿಮೆ. ದೊಡ್ಡಪತ್ರೆ, ಆಡುಸೋಗೆ, ಮೆಣಸು, ಶುಂಠಿ ಹಾಕಿದ ಕಷಾಯಕ್ಕೆ ಒಂದು ವಾರ, ಮೆಡಿಕಲ್ ಸ್ಟೋರಿನ ಸಿರಪ್ಪಿಗೆ ಇನ್ನೊಂದು ವಾರ. ಕಫದಲ್ಲಿ ರಕ್ತದ ಎಳೆ ಕಂಡರೆ ಹೆಸರು ತಿರುಗಿ ‘ಉಷ್ಣ’ ಆಗುತ್ತದೆ. ಎಳನೀರು, ಮಜ್ಜಿಗೆ, ಜೀರಿಗೆ ನೀರು ಶುರುವಾಗುತ್ತವೆ. ಕ್ಯಾನ್ಸರ್‌ನಲ್ಲಿ ರಕ್ತ ದಿನವೂ ಬೀಳಬೇಕೆಂದೇನಿಲ್ಲ. ಎರಡು ದಿನ ಬಿದ್ದು ತಾನಾಗಿ ನಿಂತಾಗ ಎಳನೀರೇ ಗುಣ ಮಾಡಿತು ಎಂಬ ನಂಬಿಕೆ ಗಟ್ಟಿಯಾಗುತ್ತದೆ.

ಎರಡನೆಯದು ಬೀಡಿ ಕೆಮ್ಮು. ಈ ಹೆಸರಿನ ಕಾಯುವ ಅವಧಿಗೆ ಕೊನೆಯೇ ಇಲ್ಲ. ಇಪ್ಪತ್ತು ವರ್ಷ ಬೀಡಿ ಸೇದಿದವರಿಗೆ ಬೆಳಗಿನ ಕೆಮ್ಮು ದೇಹದ ಒಂದು ಅಭ್ಯಾಸವೇ ಆಗಿರುತ್ತದೆ. ಹಳೆಯ ಕೆಮ್ಮಿನ ದನಿ ಬದಲಾದದ್ದು, ಮೊದಲಿಗಿಂತ ಬೇಗ ದಮ್ಮು ಕಟ್ಟುವುದು, ಗಂಟಲು ಒಡೆದಂತೆ ಕೇಳುವುದು ಅವರಿಗೆ ಹೊಸ ಸುದ್ದಿಯಾಗಿ ತೋರುವುದಿಲ್ಲ. ವೈದ್ಯರು ‘ಎಷ್ಟು ದಿನದಿಂದ?’ ಎಂದರೆ ‘ಬೀಡಿ ಕೆಮ್ಮು ಸಾರ್, ಇದ್ದಿದ್ದೇ’ ಎಂಬ ಉತ್ತರ ಬರುತ್ತದೆ. ಪ್ರಶ್ನೆ ಅಲ್ಲಿಗೇ ನಿಲ್ಲುತ್ತದೆ. ಇದರಲ್ಲಿ ನಾಚಿಕೆಯ ಪಾಲೂ ಇದೆ. ಶ್ವಾಸಕೋಶ ಕ್ಯಾನ್ಸರ್ ರೋಗಿಗಳು, ಎಂದೂ ಸೇದದವರು ಕೂಡ, ‘ಮಾಡಿದ್ದುಣ್ಣೋ ಮಹರಾಯ’ ಎಂಬಂಥ ನೋಟಕ್ಕೆ ಗುರಿಯಾಗುವುದನ್ನು ಬ್ರಿಟನ್ನಿನ ಒಂದು ಅಧ್ಯಯನ 2004ರಲ್ಲೇ ದಾಖಲಿಸಿದೆ. ಬೈಸಿಕೊಳ್ಳುವುದು ಖಚಿತವೆಂದು ಗೊತ್ತಿರುವ ಕಡೆಗೆ ಯಾರ ಕಾಲೂ ಬೇಗ ಏಳದು.

ಮೂರನೆಯದು ಹೊಗೆ-ದೂಳಿನ ಕೆಮ್ಮು. ಅರಸೀಕೆರೆ ಕಡೆಯ ಹಳೆಯ ಮನೆಯೊಂದರ ಒಳಗೆ ಹೋಗಿ ನೋಡಬೇಕು. ಅಟ್ಟದ ಮೇಲೆ ತೆಂಗಿನಕಾಯಿ ಹೆಚ್ಚುಕಡಿಮೆ ಒಂದು ವರ್ಷ ಕೂತು ಕೊಬ್ಬರಿಯಾಗುತ್ತದೆ. ಕೈಗೆತ್ತಿಕೊಂಡು ಅಲ್ಲಾಡಿಸಿದರೆ ಒಳಗೆ ಗಿಟುಕು ಬಿಟ್ಟುಕೊಂಡಿದೆಯೋ ಇಲ್ಲವೋ ಸದ್ದಿನಲ್ಲೇ ತಿಳಿಯುತ್ತದೆ. ಕೆಳಗೆ ಒಲೆಯ ಮುಂದೆ ಊದುಕೊಳವೆ ಹಿಡಿದ ಹೆಂಗಸು. ಈಗ ಗ್ಯಾಸ್ ಬಂದಿದೆ ನಿಜ. ಸಾರು, ಕಾಫಿ ಅದರ ಮೇಲೇ ಆಗುತ್ತವೆ. ಆದರೆ ಬಚ್ಚಲಿನ ಹಂಡೆಗೆ ಇವತ್ತಿಗೂ ತೆಂಗಿನ ಗರಿ, ಮಟ್ಟೆ, ಚಿಪ್ಪಿನ ಉರಿ. ಮನೆಯೊಳಗೆ ಕಟ್ಟಿಗೆಯಂಥ ಜೈವಿಕ ಇಂಧನ ಉರಿಸಿದ ಹೊಗೆ ಬಹುಶಃ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರಲ್ಲಿ ವರ್ಗೀಕರಿಸಿತು. ಬೀಡಿಯನ್ನು ಮುಟ್ಟದ ಹೆಂಗಸರ ವಿಷಯದಲ್ಲಿ ಈ ರೋಗದ ಅನುಮಾನ ಮನೆಯವರಿಗೂ ವೈದ್ಯರಿಗೂ ಕೊನೆಯಲ್ಲಿ ಬರುತ್ತದೆ. ಕಾಯಿ ಕೊಬ್ಬರಿಯಾದದ್ದನ್ನು ಸದ್ದಿನಿಂದ ಹೇಳುವ ಮನೆಯಲ್ಲಿ ಅಮ್ಮನ ಕೆಮ್ಮಿನ ಸದ್ದು ಮಾತ್ರ ‘ಹೊಗೆ ಕುಡಿದು ಕುಡಿದು ಬಂದದ್ದು’ ಎಂಬ ಮಾತಿನಲ್ಲಿ ಮುಗಿದುಹೋಗುತ್ತದೆ.

ಬೇಲೂರು, ಹಳೇಬೀಡುಗಳ ದೂಳು ಬೇರೆ ಬಗೆಯದು, ಕಲ್ಲಿನದು. ಹೊಯ್ಸಳ ಶಿಲ್ಪಿಗಳು ಕೆತ್ತಿದ ಮೆದುವಾದ ಬಳಪದ ಕಲ್ಲಿನ ದೇಗುಲಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಕಲ್ಲು ಕೆತ್ತುವ ಕಸುಬಿನಲ್ಲಿ ಎಲ್ಲೇ ಆಗಲಿ, ಉಳಿಯ ಮುಂದೆ ಕೂತವರಿಗೆ ಕೆಮ್ಮು ಕಸುಬಿನ ಜೊತೆಗೇ ಬಂದದ್ದು. ಕಲ್ಲಿನಲ್ಲಿ ಸ್ಫಟಿಕ ರೂಪದ ಸಿಲಿಕಾ ಇದ್ದರೆ ಅದರ ದೂಳು ಮನುಷ್ಯರಿಗೆ ಕ್ಯಾನ್ಸರ್‌ಕಾರಕ ಎಂದು ಅದೇ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ಸಾರಿದೆ. ರೋಗ ಕೆಮ್ಮಾಗಿಯೇ ಕಾಣಿಸಬೇಕೆಂದೂ ಇಲ್ಲ: ಶ್ವಾಸಕೋಶದ ತುದಿಯ ಗಡ್ಡೆ ಹೆಗಲಿನ ನೋವಾಗಿ ತೋರಬಹುದು. ಕೊಬ್ಬರಿ ಚೀಲ, ಕಾಫಿ ಮೂಟೆ ಹೊರುವವರ ಹೆಗಲು ನೋವಿಗೆ ಎಣ್ಣೆ ನೀವುವವರಿದ್ದಾರೆ. ಎದೆಯ ಎಕ್ಸ್‌ರೇ ಯಾರಿಗೂ ಹೊಳೆಯದು.

ನಾಲ್ಕನೆಯದು ಟಿಬಿ. ಇದೊಂದೇ ಆಸ್ಪತ್ರೆಯೊಳಗೆ ಹುಟ್ಟುವ ಹೆಸರು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಎಂಬುದು ಕ್ಷಯ ನಿಯಂತ್ರಣ ಕಾರ್ಯಕ್ರಮದ ನಿಯಮ. ಕ್ಷಯ ಹೆಚ್ಚಿರುವ ದೇಶದಲ್ಲಿ ಅದು ಸರಿಯಾದ ನಿಯಮವೇ. ಆದರೆ ಕೆಮ್ಮು, ರಕ್ತ, ಸೊರಗುವಿಕೆ, ಎಕ್ಸ್‌ರೇಯಲ್ಲಿ ಬಿಳಿ ಮಚ್ಚೆ ಎರಡು ರೋಗಕ್ಕೂ ಸಮಾನ. ಕಫದಲ್ಲಿ ರೋಗಾಣು ಸಿಗದಿದ್ದರೂ ಮಚ್ಚೆ ನೋಡಿ ಆರು ತಿಂಗಳ ಟಿಬಿ ಮಾತ್ರೆ ಆರಂಭಿಸಿ, ಆಮೇಲೆ ಕ್ಯಾನ್ಸರ್ ಎಂದು ತಿಳಿದ ಪ್ರಕರಣಗಳು ಭಾರತದ ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ.

ಸುಗ್ಗಿ, ಬಸ್ಸು, ದುಡ್ಡು

ಹೆಸರುಗಳ ನಡುವಿನ ಸಂದನ್ನು ದುಡಿಮೆ ತುಂಬುತ್ತದೆ. ರಾಗಿ ಕುಯ್ಲು ಮುಗಿಯಲಿ, ಕಣ ಆಗಲಿ, ಕಾಫಿ ಹಣ್ಣಿನ ಕುಯ್ಲು ಕಳೆಯಲಿ, ತೇರು ಹರಿಯಲಿ, ಮಗಳ ಮದುವೆಯಾಗಲಿ: ಇವು ನೆಪಗಳಲ್ಲ, ಕೂಲಿಯ ಲೆಕ್ಕ. ಕಾಫಿ ಕುಯ್ಲಿನ ನವೆಂಬರ್–ಫೆಬ್ರುವರಿಯೇ ಕೆಮ್ಮಿನ ಕಾಲವೂ ಹೌದು. ಕೂಲಿ ಹೆಚ್ಚು ಸಿಗುವ ತಿಂಗಳಲ್ಲೇ ಕೆಮ್ಮು ಅತಿ ಸಹಜವೆನಿಸುತ್ತದೆ.

ದಾರಿ ಮೊದಲಿಗಿಂತ ಹತ್ತಿರವಾಗಿದೆ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಬೇಲೂರಿನಿಂದ ಅಲ್ಲಿಗೆ ಸುಮಾರು 40 ಕಿ.ಮೀ. ಅರಸೀಕೆರೆಯಿಂದ ಬೆಂಗಳೂರಿಗೆ ನೇರ ರೈಲುಂಟು. ಅಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಗಂಥಿ ಸಂಸ್ಥೆ ಎಂಬ ಕ್ಯಾನ್ಸರ್ ಆಸ್ಪತ್ರೆಯಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ. ಆದರೆ ದೊಡ್ಡಾಸ್ಪತ್ರೆಗೆ ಯಾರೂ ಒಬ್ಬರೇ ಹೋಗುವುದಿಲ್ಲ. ಜೊತೆಗೊಬ್ಬರು ಬೇಕು, ಇಬ್ಬರ ಕೂಲಿ ಹೋಗುತ್ತದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅದು ಮುಖ್ಯವಾಗಿ ಕೈಹಿಡಿಯುವುದು ರೋಗಕ್ಕೆ ಹೆಸರು ಬಿದ್ದ ಮೇಲೆ. ನಾವು ಚರ್ಚಿಸುತ್ತಿರುವ ತಿಂಗಳುಗಳು ಅದಕ್ಕಿಂತ ಮುಂಚಿನವು.

‘ಟಿಬಿ ಇಲ್ಲ’ ಎಂಬ ಚೀಟಿ

ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳ ತಪಾಸಣೆ ಮಾಡುತ್ತದೆ, ಶ್ವಾಸಕೋಶದ್ದು ಅದರಲ್ಲಿಲ್ಲ. ಅದಕ್ಕೆ ಸಮರ್ಥನೆಯೂ ಇದೆ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸೇದುವವರು ಶೇ. 8.8, ಅಗಿಯುವಂಥ ಹೊಗೆರಹಿತ ತಂಬಾಕು ಬಳಸುವವರು ಶೇ. 16.3. ಬಾಯಿಯತ್ತ ಗಮನ ಹರಿದದ್ದು ಸಹಜ.

ಆದರೆ ಶ್ವಾಸಕೋಶಕ್ಕೆ ಬೇಕಾದ ಪ್ರಶ್ನೆಗಳನ್ನೂ ಆಶಾ ಕಾರ್ಯಕರ್ತೆ ಈಗಾಗಲೇ ಕೇಳುತ್ತಿದ್ದಾರೆ. 30 ವರ್ಷ ದಾಟಿದವರಿಗಾಗಿ ಅವರು ತುಂಬುವ ಸಿ-ಬ್ಯಾಕ್ ನಮೂನೆಯಲ್ಲಿ ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಕೆ, ತಂಬಾಕು, ಅಡುಗೆಗೆ ಯಾವ ಇಂಧನ ಎಂಬುದೆಲ್ಲ ಇವೆ. ಒಂದೇ ಕಾಗದದ ಮೇಲೆ ಇಡೀ ಚಿತ್ರ ಸಿಗುತ್ತದೆ. ಆದರೆ ಕೆಮ್ಮಿನ ಉತ್ತರದಿಂದ ಹೊರಡುವ ದಾರಿ ಒಂದೇ, ಕಫದ ಡಬ್ಬಿ. ಪರೀಕ್ಷೆಯಲ್ಲಿ ರೋಗಾಣು ಸಿಗದಿದ್ದರೆ ‘ಟಿಬಿ ಇಲ್ಲ’ ಎಂಬ ಚೀಟಿ ಮನೆಗೆ ಬರುತ್ತದೆ. ಕ್ಷಯವೆಂದರೆ ಸಂಬಂಧ ಕೂಡಿಬರದು ಎಂದು ಹೆದರಿದ್ದ ಮನೆಯಲ್ಲಿ ಅದು ಸಿಹಿ ಸುದ್ದಿ. ಚೀಟಿ ದೇವರ ಗೂಡು ಸೇರುತ್ತದೆ. ಕೆಮ್ಮು ಮತ್ತೆ ಮೊದಲ ಹೆಸರಿಗೆ, ಶೀತಕ್ಕೆ, ಮರಳುತ್ತದೆ.

ಸಮಾರೋಪ

ಇದರಿಂದ ಮೂರು ಮಾತು ಹೊರಡುತ್ತವೆ. ಒಂದು, ಈ ಭಾಗದಲ್ಲಿ ವಿಳಂಬವನ್ನು ದಿನಗಳಲ್ಲಷ್ಟೇ ಎಣಿಸಿದರೆ ಸಾಲದು. ರೋಗಿ ಎಷ್ಟು ಬಾರಿ, ಯಾರ ಬಳಿ ಹೋಗಿ ಯಾವ ಹೆಸರು ಹೊತ್ತು ಮರಳಿದ ಎಂದೂ ಎಣಿಸಬೇಕು. ಎರಡು, ‘ಎಷ್ಟು ದಿನದಿಂದ ಕೆಮ್ಮು?’ ಎಂಬ ಪ್ರಶ್ನೆ ಬೀಡಿ ಸೇದುವವರ ಮುಂದೆ, ಒಲೆಯ ಮುಂದೆ ಕೂತವರ ಮುಂದೆ ಸೋಲುತ್ತದೆ. ‘ಹಳೇ ಕೆಮ್ಮು ಈಗ ಹೆಂಗೆ ಬದಲಾಗಿದೆ?’ ಎಂದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ. ಮೂರು, ಕಫದಲ್ಲಿ ರೋಗಾಣು ಸಿಗದೆ ಕೆಮ್ಮೂ ನಿಲ್ಲದ 40 ದಾಟಿದವರಿಗೆ ಎಕ್ಸ್‌ರೇ, ಮಚ್ಚೆ ಕಂಡರೆ ಹಾಸನದಲ್ಲಿ ಸಿಟಿ ಸ್ಕ್ಯಾನ್ ಎಂಬ ಮುಂದಿನ ಹೆಜ್ಜೆಯನ್ನು ಆ ಚೀಟಿಯ ಮೇಲೆಯೇ ಬರೆದುಕೊಡಬೇಕು.

1963ರ ಅಧ್ಯಯನದ ಬಲದಿಂದ ದೇಶದ ಕ್ಷಯ ಕಾರ್ಯಕ್ರಮವೇ ದಿಕ್ಕು ಬದಲಿಸಿತು. ಕೆಮ್ಮಿಕೊಂಡು ತಾನಾಗಿ ಬಂದವರ ಕಫವನ್ನು ಸೂಕ್ಷ್ಮದರ್ಶಕದ ಕೆಳಗೆ ಇಡುವುದು ಸಾಮಾನ್ಯ ಆಸ್ಪತ್ರೆಗಳ ಕೆಲಸವಾಯಿತು. ಸೀಸೆಯ ಜಾಗಕ್ಕೆ ಪರೀಕ್ಷೆ ಬಂತು. ಆ ಪರೀಕ್ಷೆ ‘ಇಲ್ಲ’ ಎಂದ ಮೇಲೆ ಕೇಳಬೇಕಾದ ಪ್ರಶ್ನೆಗೆ ಮಾತ್ರ ಚೀಟಿಯಲ್ಲಿ ಇನ್ನೂ ಜಾಗವಿಲ್ಲ.