ಒಂದೆಲಗ

ಒಂದೆಲಗ ನೆಲದ ಮೇಲೆ ಹಬ್ಬುವ ಬಹುವಾರ್ಷಿಕ ಮೂಲಿಕೆ. ಕೊತ್ತಂಬರಿ, ಜೀರಿಗೆಗಳ ಕುಟುಂಬವಾದ ಏಪಿಯೇಸಿಗೆ ಸೇರಿದ್ದು; ಸಸ್ಯಶಾಸ್ತ್ರದಲ್ಲಿ ಸೆಂಟೆಲ್ಲಾ ಏಷ್ಯಾಟಿಕಾ, ತುಳುವಿನಲ್ಲಿ ತಿಮರೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಗದ್ದೆಯ ಬದು, ಅಡಿಕೆ ತೋಟದ ಕಾಲುವೆ, ಬಾವಿಕಟ್ಟೆಯ ಸುತ್ತಲಿನ ತೇವದಲ್ಲಿ ತಾನಾಗಿಯೇ ಬೆಳೆಯುತ್ತದೆ.

ಕನ್ನಡದಲ್ಲಿ ಇದನ್ನು ಬ್ರಾಹ್ಮಿ ಎಂದೂ ಕರೆಯುವುದುಂಟು. ಭಾರತದ ಆಯುರ್ವೇದ ಫಾರ್ಮಕೋಪಿಯ ಮಾತ್ರ ಬ್ರಾಹ್ಮಿ ಎಂದು ಗುರುತಿಸುವುದು ಬಕೋಪಾ ಮೊನ್ನಿಯೇರಿಯನ್ನು, ಎಂದರೆ ನೀರುಬ್ರಾಹ್ಮಿಯನ್ನು. ಮಂಡೂಕಪರ್ಣಿಗೆ ಅಲ್ಲಿ ಬೇರೆಯೇ ನಮೂದಿದೆ. ಗೊಂದಲ ಹಳೆಯದು. ಚರಕಸಂಹಿತೆ ಮೇಧ್ಯ (ಬುದ್ಧಿವರ್ಧಕ) ರಸಾಯನಗಳಲ್ಲಿ ಮಂಡೂಕಪರ್ಣಿಯ ರಸವನ್ನು ಹೇಳಿದರೆ, 16ನೇ ಶತಮಾನದ ಭಾವಪ್ರಕಾಶ ಎರಡು ಸಸ್ಯಗಳನ್ನೂ ಒಟ್ಟಿಗೆ ತಂದು ಒಂದೇ ಗುಣ ಹೇಳಿತು. ಗಿಡಗಳನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅನುಮಾನ ಉಳಿಯದು. ಒಂದೆಲಗದಲ್ಲಿ ಹಬ್ಬುಬಳ್ಳಿಯ ಗೆಣ್ಣು ನೆಲ ಮುಟ್ಟಿದಲ್ಲಿ ಬೇರು ಬಿಟ್ಟು, ಅಲ್ಲಿಂದ ಉದ್ದನೆಯ ತೊಟ್ಟುಗಳು ಏಳುತ್ತವೆ. ತೊಟ್ಟಿಗೊಂದೇ ಎಲೆ, ಆಕಾರ ಮೂತ್ರಪಿಂಡದ್ದು, ಅಂಚು ಕಚ್ಚುಕಚ್ಚು. ನಸುಗೆಂಪಿನ ಪುಟ್ಟ ಹೂಗಳು ಎಲೆಯಡಿ ಅಡಗಿರುತ್ತವೆ. ನೀರುಬ್ರಾಹ್ಮಿಯ ಎಲೆ ಸಣ್ಣದು, ದಪ್ಪ, ತೊಟ್ಟಿಲ್ಲದ್ದು. ಕಾಂಡದ ಮೇಲೆ ಎದುರುಬದುರಾಗಿ ಕೂತಿರುತ್ತದೆ. ರುಚಿ ಬಲು ಕಹಿ, ಹೂವು ಬಿಳಿ ಅಥವಾ ತಿಳಿನೇರಳೆ. ಒಳಗಿನ ಸತ್ವವೂ ಬೇರೆ: ಅದರಲ್ಲಿ ಬಕೊಸೈಡ್, ಇದರಲ್ಲಿ ಏಷ್ಯಾಟಿಕೊಸೈಡ್. ಹಾಗಾಗಿ ನೀರುಬ್ರಾಹ್ಮಿಯ ಮೇಲೆ ನಡೆದ ನೆನಪಿನ ಶಕ್ತಿಯ ಪ್ರಯೋಗಗಳನ್ನು ಒಂದೆಲಗದ ಖಾತೆಗೆ ಬರೆಯುವುದು ಸಲ್ಲದು. ಜನಪ್ರಿಯ ಆರೋಗ್ಯ ಬರಹಗಳಲ್ಲಿ ಈ ತಪ್ಪು ಇಂದಿಗೂ ಮರುಕಳಿಸುತ್ತಿದೆ.

ಲಿನೇಯಸ್ 1753ರಲ್ಲಿ ಹೈಡ್ರೊಕೊಟೈಲ್ ಏಷ್ಯಾಟಿಕಾ ಎಂದು ದಾಖಲಿಸಿದ ಈ ಸಸ್ಯವನ್ನು 1879ರಲ್ಲಿ ಉರ್ಬನ್ ಈಗಿನ ಕುಲಕ್ಕೆ ಸೇರಿಸಿದರು. ಆಧುನಿಕ ವೈದ್ಯದ ಆಸಕ್ತಿ ಹುಟ್ಟಿದ್ದು ಮಿದುಳಿನಿಂದಲ್ಲ, ಚರ್ಮದಿಂದ. 19ನೇ ಶತಮಾನದ ನಡುವಿನಲ್ಲಿ ಮಾರಿಷಸ್‌ನ ವೈದ್ಯ ಬೊಯಿಲೊ ಇದನ್ನು ಕುಷ್ಠರೋಗಕ್ಕೆ ಬಳಸಿದರು. 1941ರಲ್ಲಿ ಬೊಂಟೆಮ್ಸ್ ಏಷ್ಯಾಟಿಕೊಸೈಡನ್ನು ಬೇರ್ಪಡಿಸಿದ ಮೇಲೆ ಗಾಯ ಮಾಯಿಸುವ, ಕಲೆ ತಗ್ಗಿಸುವ ಮುಲಾಮುಗಳು ಯುರೋಪಿನಲ್ಲಿ ಬಂದವು. ಈಚೆಗೆ ಕೊರಿಯಾದ ಕ್ರೀಮುಗಳಿಂದ ಹೆಸರು ಮತ್ತೆ ಹಬ್ಬಿದೆ. 2005ರಲ್ಲಿ ಅರ್ಜೆಂಟೀನಾದಿಂದ ಬಂದ ವರದಿಯೊಂದು, ಇದನ್ನು ವಾರಗಟ್ಟಲೆ ಸೇವಿಸಿದ ಮೂವರು ಮಹಿಳೆಯರಿಗೆ ಯಕೃತ್ತಿನ ತೊಂದರೆಯಾಗಿ, ನಿಲ್ಲಿಸಿದ ಮೇಲೆ ಗುಣವಾದುದನ್ನು ದಾಖಲಿಸಿತು. ಔಷಧಿಯಾಗಿ ದಿನವೂ ತಿನ್ನುವವರು ಈ ವರದಿಯನ್ನು ಅಲಕ್ಷಿಸಬಾರದು.

ಕರಾವಳಿ, ಮಲೆನಾಡುಗಳಲ್ಲಿ ಒಂದೆಲಗ ಮುಖ್ಯವಾಗಿ ಅಡುಗೆಯ ಸೊಪ್ಪು. ಹಸಿ ಎಲೆಯನ್ನು ತೆಂಗಿನತುರಿ, ಜೀರಿಗೆ, ಕಾಳುಮೆಣಸಿನೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿ, ಒಗ್ಗರಣೆ ಕೊಟ್ಟರೆ ತಂಬುಳಿ. ಚಟ್ನಿಯೂ ಆಗುತ್ತದೆ.

ಬೆಳೆಸಲು ಬೀಜ ಬೇಕಿಲ್ಲ. ಬೇರು ಬಿಟ್ಟ ಗೆಣ್ಣಿನ ತುಂಡನ್ನು ಅರೆನೆರಳಿನಲ್ಲಿ, ಕೊಟ್ಟಿಗೆ ಗೊಬ್ಬರ ಬೆರೆತ ಮಣ್ಣಿನಲ್ಲಿ ನೆಟ್ಟು ತೇವ ಆರದಂತೆ ನೋಡಿಕೊಂಡರೆ ಸಾಕು, ಕುಂಡದಲ್ಲೂ ಹಬ್ಬುತ್ತದೆ. ಕೊಯ್ಯುವಾಗ ಬಳ್ಳಿ ಕೀಳದೆ ತೊಟ್ಟು ಸಮೇತ ಎಲೆಯನ್ನಷ್ಟೇ ಚಿವುಟಬೇಕು. ಮಣ್ಣಿನಲ್ಲಿರುವ ಭಾರಲೋಹಗಳನ್ನು ಈ ಗಿಡ ಹೀರಿಕೊಳ್ಳುವುದರಿಂದ ಊರ ಚರಂಡಿಯ ಬದಿಯದ್ದು ಅಡುಗೆಗೆ ಬೇಡ.