ಬೆಟ್ಟದೂರಿನಿಂದ ಅಗ್ಗಿಷ್ಟಿಕೆಯ ಹಲಗೆಗೆ: ಗೋದಲಿಯ ಚರಿತ್ರೆ

ದನಗಳಿಗೆ ಮೇವು ಹಾಕುವ ತೊಟ್ಟಿಗೆ ಕನ್ನಡದಲ್ಲಿ ಗೋದಲಿ ಎಂಬ ಹೆಸರಿದೆ. ಶಿಶು ಯೇಸುವನ್ನು ತಾಯಿ ಅಂಥದೊಂದು ತೊಟ್ಟಿಯಲ್ಲಿ ಮಲಗಿಸಿದಳೆಂದು ಲೂಕನ ಸುವಾರ್ತೆ ತಿಳಿಸುವುದರಿಂದ, ಆ ಜನನದ ದೃಶ್ಯವನ್ನು ತೋರುವ ಬೊಂಬೆಗಳ ಜೋಡಣೆಗೂ ಅದೇ ಹೆಸರು ಸಂದಿದೆ. ಪಾಶ್ಚಾತ್ಯ ಮನೆಗಳಲ್ಲಿ ಕ್ರಿಸ್‌ಮಸ್ ಕಾಲಕ್ಕೆ ಅಗ್ಗಿಷ್ಟಿಕೆಯ ಮೇಲಿನ ಹಲಗೆಯನ್ನು ಅಲಂಕರಿಸುವ ಈ ಗೋದಲಿ ಮೊದಲಿಗೆ ಮನೆಯ ವಸ್ತುವಾಗಿರಲಿಲ್ಲ.

1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿಯನ್ನು ಇರಿಸಿ, ಎತ್ತು ಮತ್ತು ಕತ್ತೆಯನ್ನು ತರಿಸಿ, ಅಲ್ಲಿಯೇ ಬಲಿಪೂಜೆ ನಡೆಯುವಂತೆ ಮಾಡಿದನೆಂದು ಅವನ ಚರಿತ್ರೆಯನ್ನು ಬರೆದ ಚೆಲಾನೊದ ಥಾಮಸ್ ದಾಖಲಿಸಿದ್ದಾನೆ. ಅದೇ ಶತಮಾನದ ಕೊನೆಯಲ್ಲಿ ಶಿಲ್ಪಿ ಆರ್ನೊಲ್ಫೊ ದಿ ಕಾಂಬಿಯೊ ರೋಮಿನ ಸಾಂತಾ ಮರಿಯಾ ಮಜ್ಜೋರೆ ಇಗರ್ಜಿಗೆ ಈ ದೃಶ್ಯವನ್ನು ಅಮೃತಶಿಲೆಯಲ್ಲಿ ಕಡೆದುಕೊಟ್ಟನು.

18ನೆಯ ಶತಮಾನದ ನೇಪಲ್ಸ್‌ನಲ್ಲಿ ಗೋದಲಿಯು ಅರಮನೆಗಳ ವೈಭವವಾಯಿತು. ತಂತಿ ಮತ್ತು ನಾರಿನ ಒಡಲಿಗೆ ಸುಟ್ಟ ಮಣ್ಣಿನ ತಲೆ, ಗಾಜಿನ ಕಣ್ಣು, ಮರದ ಕೈಕಾಲುಗಳನ್ನು ಕೂಡಿಸಿ, ರೇಷ್ಮೆ ಉಡಿಸಿದ ಆ ಬೊಂಬೆಗಳ ನಡುವೆ ಪವಿತ್ರ ಕುಟುಂಬದ ಸುತ್ತ ಹಣ್ಣು ಮಾರುವವರು, ಮೀನುಗಾರರು, ವಾದ್ಯಗಾರರು ನೆರೆದಿರುತ್ತಿದ್ದರು. ಹೀಗೆ ಬೆತ್ಲೆಹೇಮಿನ ಕಥೆಯೊಳಗೆ ನೇಪಲ್ಸ್‌ನ ಪೇಟೆಬೀದಿಯೇ ಬಂದು ಸೇರಿತು. ಆದರೆ ಇವು ಸಿರಿವಂತರಿಗಷ್ಟೇ ನಿಲುಕುವಂಥವು.

ಬಡವರ ಮನೆಗೂ ಗೋದಲಿ ತಲುಪಿದ್ದಕ್ಕೆ ರಾಜಕೀಯ ಪ್ರಕ್ಷೋಭೆಯೂ ಕಾರಣವಾಯಿತು. ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ ಇಗರ್ಜಿಗಳಿಗೆ ಬೀಗ ಬಿದ್ದಾಗ, ಅಲ್ಲಿನ ದೊಡ್ಡ ಗೋದಲಿಗಳನ್ನು ಕಾಣುವ ಅವಕಾಶ ತಪ್ಪಿದ ಪ್ರೊವಾನ್ಸ್ ಪ್ರಾಂತದ ಜನರು ಮನೆಯೊಳಗೇ ಪುಟ್ಟ ಗೋದಲಿಗಳನ್ನು ಕಟ್ಟಿಕೊಂಡರು. ಮಾರ್ಸೇಯ ಕುಶಲಕರ್ಮಿ ಝಾನ್ ಲೂಯಿ ಲಾನ್ಯೆಲ್ (1764–1822) ಗಾರೆಯ ಅಚ್ಚಿನಲ್ಲಿ ಜೇಡಿಮಣ್ಣನ್ನು ಒತ್ತಿ ಅಗ್ಗದ ಬೊಂಬೆಗಳನ್ನು ತಯಾರಿಸಿದನು. ಒಂದೇ ಅಚ್ಚಿನಿಂದ ಅನೇಕ ಬೊಂಬೆಗಳು ಮೂಡುತ್ತಿದ್ದುದರಿಂದ ಬೆಲೆ ಇಳಿಯಿತು. ಅಲ್ಲಿನ ಭಾಷೆಯಲ್ಲಿ 'ಪುಟ್ಟ ಸಂತ' ಎಂಬ ಅರ್ಥದ ಸಾಂತೊನ್ ಎಂಬ ಹೆಸರು ಇವುಗಳಿಗೆ ಬಂದಿತು, 1803ರಿಂದ ಮಾರ್ಸೇಯಲ್ಲಿ ಇವುಗಳ ಜಾತ್ರೆಯೂ ಮೊದಲಾಯಿತು. ಗಿರಣಿಯವನು, ಸಾಣೆ ಹಿಡಿಯುವವನು, ಮೀನು ಮಾರುವವಳು ಎಲ್ಲರೂ ತಮ್ಮ ಕಸುಬಿನ ಕಾಣಿಕೆ ಹಿಡಿದು ಶಿಶುವಿನತ್ತ ನಡೆದರು.

ಗೇಣುದ್ದಕ್ಕೂ ಕಿರಿದಾದ ಇಂಥ ಬೊಂಬೆಗಳಿಗೆ ಅಗ್ಗಿಷ್ಟಿಕೆಯ ಹಲಗೆ ಹೇಳಿಮಾಡಿಸಿದಂಥ ಜಾಗ. ಹೊಗೆಯನ್ನು ಕೊಳವೆಯತ್ತ ಸೆಳೆಯಲು ಒಲೆಯ ಮೇಲೆ ಕಟ್ಟುತ್ತಿದ್ದ ಚಾಚು ಕಾಲಕ್ರಮದಲ್ಲಿ ಅಲಂಕಾರದ ಹಲಗೆಯಾಯಿತು. ಚಳಿಗಾಲದಲ್ಲಿ ಮನೆಮಂದಿಯೆಲ್ಲ ಬೆಂಕಿಯೆದುರು ಕೂಡುತ್ತಿದ್ದುದರಿಂದ ಎಲ್ಲರ ಕಣ್ಣೂ ಸಹಜವಾಗಿ ಅದರ ಮೇಲೆ ನೆಲೆಸುತ್ತಿತ್ತು. ನಡುಮನೆಯಲ್ಲಿ ಅಗ್ಗಿಷ್ಟಿಕೆಯ ಅಗತ್ಯವಿಲ್ಲದ ಕರ್ನಾಟಕದ ಕರಾವಳಿಯ ಕ್ರೈಸ್ತರು ಇಗರ್ಜಿಯ ಆವರಣದಲ್ಲಿ, ಮನೆಯ ಮೂಲೆಯಲ್ಲಿ ಒಣಹುಲ್ಲು ಹಾಸಿ ಗೋದಲಿ ಕಟ್ಟುತ್ತಾರೆ.

ಪ್ರೊವಾನ್ಸ್‌ನಲ್ಲಿ ಡಿಸೆಂಬರ್ 24ರ ನಡುರಾತ್ರಿಯವರೆಗೂ ಗೋದಲಿಯ ತೊಟ್ಟಿ ಬರಿದಾಗಿರುತ್ತದೆ. ಆ ಗಳಿಗೆಗೆ ಶಿಶುವಿನ ಬೊಂಬೆಯನ್ನು ಅದರಲ್ಲಿ ಮಲಗಿಸುವವರು ಮನೆಯವರೇ. ಇಗರ್ಜಿಯ ಬಾಗಿಲು ಮುಚ್ಚಿದ ಕಾಲದಲ್ಲಿ ಒಂದು ಆಚರಣೆ ಮನೆಯವರ ಕೈಗಳಲ್ಲಿ ಉಳಿದುಕೊಂಡ ಬಗೆ ಆ ಪುಟ್ಟ ಕ್ರಿಯೆಯಲ್ಲಿ ಇಂದಿಗೂ ಕಾಣುತ್ತದೆ.