ಗೋಡೆಗೇರಿದ ಗಿಡಗಳು

ಹಳೆಯ ಸಸ್ಯಚಿತ್ರಗಳಿಗೆ ಚೌಕಟ್ಟು ಹಾಕಿ ಮನೆಯ ಗೋಡೆಗೆ ತೂಗುಹಾಕುವುದನ್ನು ನೀವು ನೋಡಿರಬಹುದು. ಬಿಳಿ ಹಾಳೆಯ ನಡುವೆ ಹೂಬಿಟ್ಟ ರೆಂಬೆ, ಕೆಳಗೆ ಸೀಳಿ ತೋರಿಸಿದ ಅಂಡಾಶಯ, ಪಕ್ಕದಲ್ಲಿ ಬೀಜ. ನೋಡಲು ಚೆಂದ. ಆದರೆ ಇವನ್ನು ಬರೆದದ್ದು ಅಲಂಕಾರಕ್ಕಲ್ಲ, ದಾಖಲೆಗಾಗಿ.

ದಾಖಲೆಯನ್ನು ಗೋಡೆಗೇರಿಸಿದವರಲ್ಲಿ ಸಸ್ಯಗಳ ವರ್ಗೀಕರಣಕ್ಕೆ ಹೆಸರಾದ ಲಿನೇಯಸ್ಸನೂ ಒಬ್ಬ. ಸ್ವೀಡನ್ನಿನ ಉಪ್ಸಾಲಾ ಬಳಿ, ಹಮ್ಮರ್ಬಿಯ ತನ್ನ ಮನೆಯ ಮಲಗುವ ಕೋಣೆಯ ಗೋಡೆಗಳಿಗೆ ಆತ ಏರೆಟ್ ಎಂಬ ಚಿತ್ರಕಾರನ ಸಸ್ಯಚಿತ್ರಗಳ ಮುದ್ರಿತ ಹಾಳೆಗಳನ್ನೇ ಅಂಟಿಸಿದ್ದ. ಗೋಡೆಯ ತೇವದಿಂದ ಅವು ಕೆಟ್ಟವು.

ನಮ್ಮ ನಾಡಿನಲ್ಲಿಯೂ ಇಂಥ ಚಿತ್ರಗಳಿಗೆ ದೊಡ್ಡ ಇತಿಹಾಸವಿದೆ. 1840ರ ದಶಕದಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ವೈದ್ಯ ಶಿವಮೊಗ್ಗದಲ್ಲಿದ್ದ. ದಿನಕ್ಕೊಂದು ಗಿಡವನ್ನು ಅಭ್ಯಾಸ ಮಾಡಬೇಕೆಂಬ ಸಲಹೆ ಪಾಲಿಸುತ್ತಿದ್ದ ಆತ, ಅವನ್ನು ಚಿತ್ರಿಸಲು ಒಬ್ಬ ಮರಾಠಿ ಕಲಾವಿದನನ್ನು ನೇಮಿಸಿಕೊಂಡ. ಒಣಗಿಸಿದ ಗಿಡದ ಬಣ್ಣ ಮಾಸುತ್ತದೆ, ಹೂವಿನ ಆಕಾರ ಚಪ್ಪಟೆಯಾಗುತ್ತದೆ. ಚಿತ್ರದಲ್ಲಿ ಎರಡೂ ಉಳಿಯುತ್ತವೆ. ಬೇರೆ ಬೇರೆ ಕಾಲಕ್ಕೆ ಬರುವ ಹೂವು ಹಣ್ಣುಗಳನ್ನು ಒಂದೇ ಹಾಳೆಯಲ್ಲಿ ತೋರಿಸಲೂ ಸಾಧ್ಯ. ಕ್ಲೆಗಾರ್ನ್‌ನ ಸಂಗ್ರಹ ಇಂದು ಎಡಿನ್‌ಬರೋದ ರಾಯಲ್ ಸಸ್ಯೋದ್ಯಾನದಲ್ಲಿದೆ. ಆದರೆ ಶಿವಮೊಗ್ಗದ ಆ ಕಲಾವಿದನ ಹೆಸರು ಮಾತ್ರ ಉಳಿದಿಲ್ಲ.

ಹೆಸರು ಉಳಿದವರೂ ಇದ್ದಾರೆ. ಮದರಾಸು ಪ್ರಾಂತದಲ್ಲಿ ರಾಬರ್ಟ್ ವೈಟ್ 1838ರಿಂದ 1853ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಸಸ್ಯಚಿತ್ರಗಳನ್ನು ಪ್ರಕಟಿಸಿದ. ಅವುಗಳಲ್ಲಿ ಅನೇಕ ಹಾಳೆಗಳ ಅಂಚಿನಲ್ಲಿ ರಂಗಯ್ಯ, ಗೋವಿಂದು ಎಂಬ ಕಲಾವಿದರ ಹೆಸರು ಅಚ್ಚಾಗಿದೆ. ಆರ್ಕಿಡ್‌ಗಳ ಒಂದು ಕುಲಕ್ಕೆ ವೈಟ್ 'ಗೋವಿಂದೂಯಿಯ' ಎಂದೇ ಹೆಸರಿಟ್ಟ. ಮುಂದೆ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಚೆಲುವಯ್ಯ ರಾಜು ಇದೇ ಪರಂಪರೆಯನ್ನು ಬೆಳೆಸಿದರು.

ಈ ಹೆಸರುಗಳು ಕಳೆದುಹೋಗುವ ಅಪಾಯ ಇರುವುದೇ ಚಿತ್ರ ಗೋಡೆಗೆ ಬರುವಾಗ. ಹಳೆಯ ಗ್ರಂಥಗಳನ್ನು ಬಿಚ್ಚಿ ಹಾಳೆ ಹಾಳೆಯಾಗಿ ಮಾರುವ ವ್ಯಾಪಾರ ಉಂಟು. ಆಗ ಚಿತ್ರ ಒಂದೆಡೆ, ವಿವರಣೆ ಇನ್ನೊಂದೆಡೆ. ಚೌಕಟ್ಟಿಗೆ ಹೊಂದಲೆಂದು ಅಂಚು ಕತ್ತರಿಸಿದರೆ ಸಸ್ಯದ ಹೆಸರು, ಕಲಾವಿದನ ಹೆಸರು, ಚಿತ್ರದ ಸಂಖ್ಯೆ ಎಲ್ಲವೂ ಹೋದವು. ಉಳಿಯುವುದು ಬರಿಯ ಅಂದ. ಎಷ್ಟು ಪಟ್ಟು ದೊಡ್ಡದಾಗಿ ಬರೆದದ್ದು ಎಂದು ತಿಳಿಯದ ಕೇಸರದ ಚಿತ್ರದಿಂದ ವಿದ್ಯಾರ್ಥಿ ಏನನ್ನು ಅಳೆದಾನು?

ಇದಕ್ಕೆ ಪರಿಹಾರ ಸುಲಭ. ಅನೇಕ ಹಳೆಯ ಗ್ರಂಥಗಳು ಇಂದು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಪುಸ್ತಕ ಹರಿಯದೆ ಪ್ರತಿ ಮುದ್ರಿಸಿಕೊಳ್ಳಬಹುದು. ಅಂಚನ್ನು ಕತ್ತರಿಸಬೇಡಿ, ವಿವರಣೆಯ ಸಾರವನ್ನು ಕನ್ನಡದಲ್ಲಿ ಬರೆದು ಕೆಳಗೆ ಅಂಟಿಸಿ. ಬಿಸಿಲೂ ತೇವವೂ ತಾಗದ ಗೋಡೆ ಆರಿಸಿಕೊಳ್ಳಿ.

ಇದಕ್ಕಿಂತಲೂ ಒಳ್ಳೆಯ ದಾರಿ ಒಂದಿದೆ. ಮದ್ದೂರು ತಾಲ್ಲೂಕಿನ ನಿಡಘಟ್ಟದಂಥ ಊರಿನ ಮಕ್ಕಳಿಗೆ ಹೊಂಗೆ ಅಪರಿಚಿತವಲ್ಲ. ಅದರ ಹೂಗೊಂಚಲು, ಬಿಡಿಸಿಟ್ಟ ದಳಗಳು, ಕಾಯಿ, ಬೀಜ ಇವನ್ನು ಅಳತೆ ಹಾಕಿ ಬರೆಯಿಸಿ. ಊರು, ದಿನಾಂಕ, ಹೊಂಗೆಯ ವೈಜ್ಞಾನಿಕ ಹೆಸರಾದ ಪೊಂಗಾಮಿಯ ಪಿನ್ನೇಟ, ಚಿತ್ರದ ಪ್ರಮಾಣ ನಮೂದಿಸಲಿ. ಬರೆದ ವಿದ್ಯಾರ್ಥಿಯ ಹೆಸರನ್ನು ಮಾತ್ರ ಮರೆಯದಿರಲಿ. ಆ ಹಾಳೆ ಮನೆಯ ಗೋಡೆಯಲ್ಲಿದ್ದರೂ ವಿಜ್ಞಾನದ ದಾಖಲೆಯೇ.